ಮುಚ್ಚಳಗಳು

ಸಾಲಗಾಮೆ ರಸ್ತೆಯ ನಮ್ಮ ಲ್ಯಾಬಿಗೆ
ತೀರ್ಥಪ್ರಸಾದ ಬಂದು ಇಂದಿಗೆ ಮೂರು ದಿನ.
ಸೆಂಟ್ರಿಫ್ಯೂಜಿನ ಪಕ್ಕ ಸ್ಟೂಲು, ತೊಡೆಯ ಮೇಲೆ ಲ್ಯಾಪ್‌ಟಾಪು;
ಅದು ಗಿರ್ರೆಂದಾಗಲೆಲ್ಲ ಇವನ ಕಾಫಿಯೂ ನಡುಗುತ್ತದೆ.

"ನೋಡಿ ಮೇಡಂ, ಸಕ್ಕರೆ ಅಂದರೆ ಅಂಕಿ,
ರಕ್ತದ ಗುಂಪು ಅಕ್ಷರ,
ಕಲ್ಚರ್ ಬಂತೋ, ಇಡೀ ವಾಕ್ಯ.
ಮೂರೂ ಫಲಿತಾಂಶವೇ, ಡಬ್ಬಿ ಒಂದೇ ಅಚ್ಚಿನದು.
ಆದರೂ ಅಂಕಿಯ ಡಬ್ಬಿಗಳ ಸಾಲಿಗೆ
ಅಕ್ಷರದ ಡಬ್ಬಿಯನ್ನ ಬಿಟ್ಟುಕೊಳ್ಳಲ್ಲ ಇದು."

ಎಲ್ಲಕ್ಕೂ 'ಏನೋ ಒಂದು' ಅಂತ ಚೀಟಿ ಹಚ್ಚಪ್ಪ, ಅಂದೆ.
"ಹಚ್ಚಬಹುದು. ಒಳಗೆ ಹೋಗತ್ತೆ.
ತೆಗೆಯುವಾಗ ಏನಂತ ತೆಗೀಲಿ?
ಊಹೆ ತಪ್ಪಿದರೆ ಬಿ ಪಾಸಿಟಿವನ್ನ
ನೂರಹತ್ತರ ಜೊತೆ ಕೂಡಿಸಿ ಕೂತಿರ್ತೀನಿ."

ಊಹೆಯ ಸಂಗತಿ ನನಗೆ ಗೊತ್ತು.
ಹೋದ ಆಷಾಢ, ದುದ್ದದಿಂದ ಬಂದ ಐಸ್ ಪೆಟ್ಟಿಗೆಯಲ್ಲಿ
ಶಾಯಿ ಕರಗಿದ ಕೊಳವೆಯೊಂದು.
ಬೆಳಕಿಗೆ ಹಿಡಿದೆ. ರಕ್ತ ತನ್ನ ಹೆಸರು ಹೇಳಲಿಲ್ಲ.
ಪಟ್ಟಿಯಲ್ಲಿ ಉಳಿದವನು ಒಬ್ಬ ಹುಡುಗ; ಅವನದೇ ಇರಬಹುದು.
ಇರಬಹುದು ಅಂತ ವರದಿ ಬರೆಯುವಂತಿಲ್ಲ.
ಚೆಲ್ಲಿದೆ. ಅವನಿಗೆ ಇನ್ನೊಮ್ಮೆ ಸೂಜಿ.

ಸ್ಟ್ಯಾಂಡನ್ನು ಅವನ ಮುಂದೆ ತಳ್ಳಿದೆ.
ನೇರಳೆ ಮುಚ್ಚಳ, ಕೆಂಪು, ಬೂದು, ಮತ್ತೆ ನೇರಳೆ.
ಇದಕ್ಕೆ ತೂತಿನ ಅಳತೆ ಬಿಟ್ಟರೆ ಏನೂ ತಿಳಿಯದು.
ನೇರಳೆಯದು ಹೆಪ್ಪುಗಟ್ಟಬಾರದು, ಎಂಟು ಸಲ ಮಗುಚಬೇಕು.
ಕೆಂಪಿನದು ಗಟ್ಟಲೇಬೇಕು, ಅರ್ಧ ಗಂಟೆ ಅಲುಗಿಸಬಾರದು.
ಅದೆಲ್ಲ ಆಯಾ ಮುಚ್ಚಳದ ಪಾಡು.
ಸಾಲಿನುದ್ದಕ್ಕೂ ನಾನು ಕೇಳುವುದು ಎರಡೇ:
ಯಾರದು ನೀನು? ಎಷ್ಟು ಹೊತ್ತಿಗೆ ತೆಗೆದದ್ದು?

ಅವನು ಮುಚ್ಚಳ ದಿಟ್ಟಿಸುತ್ತ ಕೂತ. ಕಾಫಿ ಆರಿತು.
"ಒಳಗೇನಿದೆ ಅಂತ ಪಟ್ಟಿ ಕೇಳೋದೇ ಬೇಡ...
ನಿನ್ನನ್ನ ನೀನೇ ಬರಕೋ ಅಂದರೆ ಸಾಕು"
ಅಂತ ತನಗೇ ಹೇಳಿಕೊಂಡು ಕುಟ್ಟತೊಡಗಿದ.

ಸಂಜೆ ಮೊದಲ ಹಾಳೆ ಹೊರಬಂತು.
ದ್ಯಾವಮ್ಮ, ಅರವತ್ತೊಂದು, ಶಾಂತಿಗ್ರಾಮ.
ಸಕ್ಕರೆ ನೂರ ನಲವತ್ತೆರಡು.
ಗುಂಪು ಬಿ ಪಾಸಿಟಿವ್.
ಕಲ್ಚರ್: ಏನೂ ಬೆಳೆದಿಲ್ಲ.
ಒಂದರ ಕೆಳಗೊಂದು, ಜಗಳವಿಲ್ಲದೆ.

ದ್ಯಾವಮ್ಮ ಬೆರಳಿಟ್ಟು ಮೂರೂ ಸಾಲು ಓದಿದರು.
"ಬೆಳೆದಿಲ್ಲ ಅಂದ್ರೆ ಒಳ್ಳೇದಾ?"
ಒಳ್ಳೇದು.
"ನಮ್ಮ ಹೊಲದಾಗೆ ಹಂಗಲ್ಲವ್ವ."
ಹಾಳೆ ನಾಲ್ಕಾಗಿ ಮಡಚಿ, ಬಾಗಿಲಲ್ಲಿ ನಿಂತು, ಮತ್ತೆ:
"ಒಟ್ಟಿನ ಮೇಲೆ ನಾನು ಹೆಂಗಿವ್ನಿ?"

ತೀರ್ಥಪ್ರಸಾದ ಪರದೆಯಿಂದ ತಲೆಯೆತ್ತಿದ.
ಆ ಪ್ರಶ್ನೆಯನ್ನು ಅವನು ಯಾವ ಡಬ್ಬಿಗೂ ಕಲಿಸಿರಲಿಲ್ಲ.