ನಾಲ್ಕನೇ ಹೊಡೆತ

ವಾಸ್ಕೋ ಬಂದರಿನ ಹಿಂದೆ, ಅದಿರಿನ ಕೆಂಪು ಧೂಳು ಕೂತ
ಆ ಬಾರಿನಲ್ಲಿ ಒಂದು ಪಿಯಾನೊ ಇತ್ತು.
ಕಾಲುಗಳ ಕೆಳಗೆ ನಾಲ್ಕು ಮೀನಿನ ಡಬ್ಬಿ,
ಡಬ್ಬಿಯಲ್ಲಿ ಸೀಮೆಎಣ್ಣೆ, ಇರುವೆ ಹತ್ತಬಾರದೆಂದು.
ಉಪ್ಪುಗಾಳಿಗೆ ಹನ್ನೊಂದು ಕೀಲಿ ಮೂಕಾಗಿದ್ದವು.
"ಹನ್ನೊಂದೂ ಗೊತ್ತಿರುವ ಗುಂಡಿಗಳು, ಹಾರಿ ದಾಟುತ್ತೇನೆ"
ಅನ್ನುತ್ತಿದ್ದ ಎವರಿಸ್ಟೊ ಕುಲಾಸೊ.

ಯಾವುದೋ ಹಡಗಿನ ಅಡುಗೆಯವ ಕುಡಿದ ಸಾಲಕ್ಕೆ
ಬಿಟ್ಟುಹೋದ ಒಂದೇ ಒಂದು ರೆಕಾರ್ಡು, ಅಂಚು ಮುರಿದದ್ದು.
ಮೊದಲ ಅರ್ಧ ನಿಮಿಷ ಯಾರಿಗೂ ಕೇಳಿಸಲಿಲ್ಲ.
ಆಮೇಲೆ, ದನ ಕಾಯುವವರ ಹಾಡಿನ ಕೆಳಗೆ
ಕುದುರೆಯದಲ್ಲದ, ಕಾಲಿನದಲ್ಲದ ಏನೋ ಒಂದು ಓಟ.
ಬೂಗಿ, ಅಂದರು ಅದಕ್ಕೆ.
ಇಲ್ಲದ ಅರ್ಧ ನಿಮಿಷ ಹುಡುಕಲು ಎವರಿಸ್ಟೊ
ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗೆ ಗಾಡಿಯಲ್ಲಿ ಕೂತ,
ಮೊಣಕಾಲ ಮೇಲೆ ಎಡಗೈ ಬಡಿಯುತ್ತ.

ಅಪ್ಪ ಆ ಗಾಡಿಯ ಫೈರ್‌ಮನ್.
ಹುಬ್ಬಳ್ಳಿಯ ಕಂಪನಿ ನಾಟಕದ ಕಾಲುಪೆಟ್ಟಿಗೆ ಬಿಟ್ಟರೆ
ಬೇರೆ ಸಂಗೀತ ಕಂಡವನಲ್ಲ.
"ಇದು ಯಾವ ರಾಗ್ರೀ?"
"ರಾಗ ಅಲ್ಲ ಫಕೀರಪ್ಪಾ, ರೈಲು.
ಎಡಗೈ ಎಂಜಿನ್. ಬಲಗೈ ಟಿಕೆಟ್ ಇಲ್ಲದ ಮಂದಿ."
ಅಪ್ಪ ಗ್ಲಾಸು ಕೆಳಗಿಟ್ಟ.
"ಘಾಟಿನ್ಯಾಗ ಎಂಜಿನ್ ಹಿಂಗ ಓಡೂದಿಲ್ಲ.
ನಾಕನೇ ಹೊಡತಕ್ಕ ಒಂಚೂರು ಹಿಂದ ಬೀಳತೈತಿ.
ಹಿಂದಿನ ಎಂಜಿನ್ ದೂಡಿದ ಮ್ಯಾಲೆ ಮತ್ತ ಮುಂದ."

ಆ ರಾತ್ರಿ ನಾಲ್ಕನೇ ಹೊಡೆತ ಹಿಂದೆ ಬಿತ್ತು.
ಮಡಗಾಂವಿನ ಮದುವೆಗಳಲ್ಲಿ, ಪಣಜಿಯ ಹೋಟೆಲುಗಳಲ್ಲಿ
ಪಿಯಾನೊ ಮುಟ್ಟುವ ಹುಡುಗರೆಲ್ಲ ಕದ್ದದ್ದು ಅದನ್ನೇ.
ಅಪ್ಪನ ಹೆಸರು ಯಾರೂ ಹೇಳಲಿಲ್ಲ. ಅವನೂ ಕೇಳಲಿಲ್ಲ.
ಶನಿವಾರ ಒಂದು ಫೆನಿ ಪುಕ್ಕಟೆ, ಅಷ್ಟೇ.
ರವಿವಾರ ಅದೇ ಕೈ ಚರ್ಚಿನ ಆರ್ಗನ್ ಮೇಲೆ.
"ಪರಮಪ್ರಸಾದಕ್ಕೆ ಜನ ನಡೆದು ಬರಲಿ, ಕುಣಿದು ಬೇಡ"
ಎಂದು ಪಾದ್ರಿಗಳು ಎರಡು ಸಲ ಕರೆದು ಹೇಳಿದ್ದರಂತೆ.

ಎಪ್ಪತ್ತೊಂದರ ಆಗಸ್ಟಿನಲ್ಲಿ ಲಕ್ವ ಹೊಡೆದದ್ದು ಎಡಗೈಗೇ.
ಬಲಗೈ ಒಂದೇ ಮೇಲಿನ ಕೀಲಿಗಳಲ್ಲಿ ಅಲೆಯಿತು,
ಗಂಟು ಹೊತ್ತು, ಗಾಡಿ ಹೋಯಿತೇ ಎಂದು
ಕಂಡಕಂಡವರನ್ನು ಕೇಳುವ ಹೆಂಗಸಿನ ಹಾಗೆ.
ನಾನು ಹೊಸ್ತಿಲಲ್ಲಿ, ಅಪ್ಪನ ಬುತ್ತಿಡಬ್ಬಿ ಹಿಡಿದು.
ಅಪ್ಪ ಏಳಲಿಲ್ಲ, ಸಮಾಧಾನ ಹೇಳಲಿಲ್ಲ.
ಸಲಿಕೆ ಹಿಡಿದು ದಡ್ಡುಗಟ್ಟಿದ ಬೆರಳು ಮಡಚಿ
ಮೇಜಿಗೆ ಬಡಿಯತೊಡಗಿದ:
ಒಂದು, ಎರಡು, ಮೂರು,

ನಾಕು.

ಬಲಗೈ ತಿರುಗಿ ನೋಡಿತು. ಓಡಿಬಂದು ಹತ್ತಿತು.

ಹೋದ ತಿಂಗಳು ಹೋಗಿದ್ದೆ. ಪಿಯಾನೊ ಮೇಲೆ ಮೊಟ್ಟೆಯ ಟ್ರೇಗಳು.
"ಮುಟ್ಟಬೇಡಿ, ಒಡೆದಾವು" ಅಂದ ಈಗಿನ ಮಾಲೀಕ.
ಬಗ್ಗಿ ನೋಡಿದೆ. ನಾಲ್ಕೂ ಡಬ್ಬಿ ಒಣಗಿದ್ದವು.
ಇರುವೆ ಸಾಲಾಗಿ ಘಾಟು ಹತ್ತುತ್ತಿದ್ದವು.