ಕಣ

ಎರಡನೇ ಪಿಯುಸಿ, ಊಟದ ನಂತರದ ಮೊದಲ ಪಿರಿಯಡ್.
ನಿದ್ರೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ:
ಹಿಂದಿನ ಬೆಂಚಿನ ಪೂವಯ್ಯ ಆಗಲೇ ಪ್ರಯೋಗದಲ್ಲಿದ್ದಾನೆ.

ಹಲಗೆಯ ಮೇಲೆ ಅಲೆ ಬರೆಯುತ್ತೇನೆ.
ಎಚ್ಚರದ್ದು ಚಿಕ್ಕದು, ಚುರುಕು, ಇರುವೆ ಸಾಲು.
ಆಮೇಲೆ ಸಡಿಲ. ಆಮೇಲೆ ಇನ್ನೂ ಸಡಿಲ.
ಕೊನೆಗೆ ಆಳದ್ದು, ಒಂದೊಂದೂ ಗುಡ್ಡದಷ್ಟು;
ಬ್ರಹ್ಮಗಿರಿ ಬರೆದ ಹಾಗಾಗಿ ಹುಡುಗಿಯರು ನಗುತ್ತಾರೆ.
"ಕನಸು ಹೆಚ್ಚಾಗಿ ಇಲ್ಲಿರುವುದಿಲ್ಲ" ಎನ್ನುತ್ತೇನೆ,
"ನಿದ್ದೆಯಲ್ಲಿ ನಡೆಯುವವರು ಇಲ್ಲಿಂದ ಏಳುತ್ತಾರೆ."

ನನ್ನಪ್ಪ ಇಲ್ಲಿಂದ ಎದ್ದವನು.

ಜನವರಿ. ಕಾಫಿ ಕಣದಲ್ಲಿರುವ ಕಾಲ.
ಮಲಗಿ ಗಂಟೆಯಾಗಿರುವುದಿಲ್ಲ,
ಮೇದಪ್ಪ, ದಿನಕ್ಕೆ ಹತ್ತು ಮಾತಿನ ಆಸಾಮಿ,
ಕಂಬಳಿ ಮಡಿಚಿಟ್ಟು, ಹೌದು, ಮಡಿಚಿಟ್ಟು,
ಅಗುಳಿ ತೆಗೆದು, ಬರಿಗಾಲಲ್ಲಿ ಇಬ್ಬನಿಗಿಳಿದು
ಉದ್ದ ಹಿಡಿಯ ಹಲಗೆ ಎಳೆಯುತ್ತಿದ್ದ,
ಸರ್ರ್... ಸರ್ರ್...
ಹಣ್ಣೆಲ್ಲ ಗುಡ್ಡೆಯಾಗಿ ತಾಡಪಾಲಿನಡಿ ಮಲಗಿದ್ದರೆ
ಇವನು ಬರಿ ನೆಲವನ್ನು ತಿರುವುತ್ತಿದ್ದ.
ಕಣ್ಣು ತೆರೆದಿತ್ತು.
ನಾಯಿ ಬೊಗಳುತ್ತಿರಲಿಲ್ಲ, ಬಾಲವನ್ನೂ ಆಡಿಸುತ್ತಿರಲಿಲ್ಲ;
ಅದಕ್ಕೆ ಗೊತ್ತಿತ್ತೇನೋ, ಯಜಮಾನ ಬಂದಿಲ್ಲ,
ಯಜಮಾನನ ಕಾಲು ಬಂದಿದೆ ಅಂತ.

"ಎಬ್ಬಿಸಬೇಡ, ಜೀವ ದಾರಿ ತಪ್ಪುತ್ತೆ" ಎಂದಳು ಅವ್ವ.
ಎಬ್ಬಿಸಿದರೆ ಜೀವ ಹೋಗುವುದಿಲ್ಲ, ತಬ್ಬಿಬ್ಬಾಗುತ್ತಾರೆ ಅಷ್ಟೆ,
ಎಂದು ನಾನು ಓದಿದ್ದು ಹನ್ನೆರಡು ವರ್ಷ ತಡವಾಗಿ, ಮೈಸೂರಿನಲ್ಲಿ.
ಅಷ್ಟರಲ್ಲಿ ಕಣ ಮಾರಿಯಾಗಿತ್ತು.

ಈಗ ಪೊನ್ನಂಪೇಟೆಯ ಬಾಡಿಗೆ ಮಹಡಿ, ಕೆಳಗೆ ಟೈಲರ್ ಅಂಗಡಿ.
ಕಣವೆಂದರೆ ನನ್ನ ಮಗನಿಗೆ ವಿಜ್ಞಾನದ ಪದ:
ರಕ್ತದಲ್ಲಿರುತ್ತದೆ. ಕೆಂಪು. ಬಿಳಿ.

ನಾಚಪ್ಪ ತಡವಾಗಿ ನಡೆದವನು.
ಹದಿನಾರು ತಿಂಗಳು ಕುಂಡೆಯ ಮೇಲೆ ಜಾರಿ ಮನೆ ಅಳೆದ.
ಡಾಕ್ಟರು ಚಾರ್ಟ್ ನೋಡಿದರು, ನಾನು ಚಾರ್ಟ್ ನೋಡಿದೆ,
ಮಗು ನೋಡಲಿಲ್ಲ.
ಒಂದು ಸಂಜೆ ಬಕೆಟ್ಟಿನ ಅಂಚು ಬಿಟ್ಟು ಬಂದ. ಮೂರು ಹೆಜ್ಜೆ.
ನಿದ್ದೆಯಲ್ಲಿ ಮಾತ್ರ ತಡ ಮಾಡಲಿಲ್ಲ:
ಎಂಟು ತುಂಬಿದ ವಾರವೇ, ರಾತ್ರಿ ಹತ್ತೂವರೆಗೆ,
ಬಾಗಿಲ ಬಳಿ, ಬನಿಯನ್ನು, ಒಂದೇ ಚಪ್ಪಲಿ, ಕೈಯಲ್ಲಿ ಹಾಕಿ ಸ್ಟಿಕ್.
"ಬಸ್ ಬಂತಾ?"

ಆ ಕಣ್ಣು ನನಗೆ ಗೊತ್ತು.

ನಡಿಗೆ ಬರುತ್ತದೆ ರಕ್ತದಲ್ಲಿ.
ಎಲ್ಲಿಗೆ ಎಂಬುದು ಬರುವುದಿಲ್ಲ.
ಅಜ್ಜ ಕಣಕ್ಕೆ, ಮೊಮ್ಮಗ ಬಸ್ಸಿಗೆ,
ನಡುವೆ ನಾನು ಕಾಲುಸಂಕ;
ತುಳಿದು ದಾಟಿದ್ದು ಸಂಕಕ್ಕೆ ತಿಳಿಯಲಿಲ್ಲ.
"ಇನ್ನೂ ಬಂದಿಲ್ಲ ಮಗ" ಎಂದೆ, ಭುಜ ಹಿಡಿದು ತಿರುಗಿಸಿದೆ.
ಬಂದ. ಸ್ಟಿಕ್ಕು ಬಿಡಲಿಲ್ಲ. ಅದರ ಜೊತೆಗೇ ಮಲಗಿದ.

ಫಸೀಲಾ ಕೈ ಎತ್ತುತ್ತಾಳೆ.
"ಮೇಡಂ, ನಡೆದವರಿಗೆ ನಡೆದದ್ದು ನೆನಪಿರಲ್ಲ ಅಂದ್ರೆ
ನಾವು ನಡೆಯಲ್ಲ ಅಂತ ನಮಗೆ ಹೇಗೆ ಗೊತ್ತು?"
ಪೂವಯ್ಯನಿಗೂ ಎಚ್ಚರವಾಗುತ್ತದೆ.
ಒಳ್ಳೆಯ ಪ್ರಶ್ನೆ ಎನ್ನುತ್ತೇನೆ.
ಪರೀಕ್ಷೆಗೆ ಬರಲ್ಲ ಎನ್ನುತ್ತೇನೆ.

ಮರುದಿನ ಬೆಳಿಗ್ಗೆ ರೊಟ್ಟಿ ಮುರಿಯುತ್ತಾ ಮಗ:
"ಅವ್ವ, ರಾತ್ರಿ ಹಾಲ್‌ನಲ್ಲಿ ಯಾಕೆ ಪೊರಕೆ ಎಳೀತಿದ್ದೆ?
ನೀರು ಕುಡಿಯೋಕೆ ಎದ್ದಿದ್ದೆ. ಕೂಗಿದೆ.
ನೀನು ನನ್ನ ಕಡೆ ನೋಡ್ದೆ, ಆದ್ರೆ ನೋಡ್ಲಿಲ್ಲ."

ಕಾವಲಿಯ ಮೇಲಿನದು ಸೀಯುತ್ತಿತ್ತು.
"ಆಮೇಲೆ?"

"ಆಮೇಲೆ ಏನು, ಕರ್ಕೊಂಡ್ ಹೋಗಿ ಮಲಗಿಸ್ದೆ.
ಕಾಲು ತಣ್ಣಗಿತ್ತು. ಕಂಬಳಿ
ಮಡಿಚಿಟ್ಟಿದ್ದೆ ನೀನು. ಬಿಚ್ಚಿ ಹೊದಿಸ್ದೆ."

ಕೆಳಗೆ, ಟೈಲರ್ ಅಂಗಡಿಯ ಮುಂದೆ, ಹಾರ್ನ್.
"ಬಂತು" ಎಂದೆ.