ಇನ್ನೊಂದು ಬೆರಾತ್

ಅಲ್ಬೇನಿಯಾದ ಬೆರಾತಿಗೆ ಸಾವಿರ ಕಿಟಕಿಯ ಊರೆಂದು ಹೆಸರು.
ಗುಡ್ಡದ ಮೈಗೆ ಮನೆಯ ಹೆಗಲೇರಿದ ಮನೆ,
ಕೆಳಗೆ ಒಸುಮ್ ಹೊಳೆ.
ಕಿಟಕಿಗಳನ್ನು ಯಾರೂ ಎಣಿಸಿ ಮುಗಿಸಿಲ್ಲ,
ಅಷ್ಟರಲ್ಲಿ ಕತ್ತಲಾಗುತ್ತದೆ.

ತೊಂಬತ್ತಾರರ ಅಕ್ಟೋಬರ್, ಒಂದು ಮಂಗಳವಾರ,
ಫೆರ್ದಿಯೆ ಟೀಚರ್ ಕರಿಹಲಗೆಯ ಮೇಲೆ
ಹಳದಿ ಸೀಮೆಸುಣ್ಣದಲ್ಲಿ ಒಂದು ಕಿಟಕಿ ಬರೆದಳು.
'ದೀಪ ಹಚ್ಚಿದೆ. ಸುತ್ತು ಸುತ್ತಿಗೂ ಇಮ್ಮಡಿ.
ಐದನೆಯ ಸುತ್ತಿಗೆ ಮೂವತ್ತೆರಡು,
ಹೊಳೆಯಾಚೆ ನಿಂತು ನೋಡಿದರೆ ಊರು ಮಲಗಿದೆ.
ಒಂಬತ್ತಕ್ಕೆ ಅರ್ಧ ಊರು. ಹತ್ತಕ್ಕೆ ಇಡೀ ಊರು.
ಹನ್ನೊಂದಕ್ಕೆ?'
ಹಿಂದಿನ ಬೆಂಚಿನ ಇಲೀರ್ ಎದ್ದ:
'ಇನ್ನೊಂದು ಬೆರಾತ್ ಬೇಕು, ಟೀಚರ್.'
ತರಗತಿ ನಕ್ಕಿತು. ಅವಳೂ ನಕ್ಕಳು.
ಅವನಿಗೆ ಹತ್ತಕ್ಕೆ ಹತ್ತು.

ಬುಧವಾರ ಅವಳು ಕ್ಯೂನಲ್ಲಿದ್ದಳು.

ಒಂದಕ್ಕೆರಡು ಹೇಳುವವರನ್ನು ನಂಬಬಾರದೆಂದು ಬಲ್ಲೆವು.
ಒಂದಕ್ಕೆರಡು ಕೊಡುವವರನ್ನು?
ಮೂರೇ ತಿಂಗಳು. ಗಾಜಿನ ಕಿಂಡಿ, ಚೀಟಿ, ಮುದ್ರೆ.
ಮುಂದೆ ಕ್ಷೌರದ ಜೆವ್ದೆತ್, ಎರಡು ಹಸು ಮಾರಿ ಬಂದವನು;
ಹಿಂದಿನ ಸಲದ ದುಡ್ಡಿನ ಫ್ರಿಜ್ಜು ಅವನ ಅಂಗಡಿಯಲ್ಲೇ ಗುರುಗುಡುತ್ತಿದೆ.
ಫ್ರಿಜ್ಜನ್ನು ಮುಟ್ಟಿ ನೋಡಬಹುದು,
ಗುಣೋತ್ತರ ಶ್ರೇಢಿಯನ್ನು ಮುಟ್ಟುವುದು ಹೇಗೆ?
ಅವಳ ಚೀಲದಲ್ಲಿ ಅಪ್ಪನ ಮನೆ ಮಾರಿದ ಹಣ.
ಅಲ್ಲಿಯ ಹಣಕ್ಕೆ ಲೆಕ್ ಎನ್ನುತ್ತಾರೆ,
ನಮ್ಮ ಲೆಕ್ಕಕ್ಕೆ ಒಂದು ಅಕ್ಷರ ಕಡಿಮೆ.

ಹನಿಗೂಡಿ ಹಳ್ಳ, ತೆನೆಗೂಡಿ ಬಳ್ಳ:
ಗಾದೆಗಳೆಲ್ಲ ಕೂಡುತ್ತವೆ.
ಗುಣಿಸುವ ಗಾದೆ ಯಾವ ಅಜ್ಜಿಗೂ ಹೊಳೆಯಲಿಲ್ಲ.
ಬೆರಳು ಒಂದೊಂದೇ ಮಡಚುತ್ತದೆ,
ಕಾಲು ಮೆಟ್ಟಿಲನ್ನು ಒಂದೊಂದೇ ಹತ್ತುತ್ತದೆ,
ವಯಸ್ಸು ಕೂಡ, ಪಾಪ, ವರ್ಷಕ್ಕೆ ಒಂದೇ.
ಹಾಲೊಂದು ಉಕ್ಕುತ್ತದೆ.
ಎಷ್ಟು ವರ್ಷ ಕಾಯಿಸಿದರೂ
ಅದು ಉಕ್ಕುವ ಗಳಿಗೆಗೆ ನಾವು ಬೇರೆಲ್ಲೋ ನೋಡುತ್ತಿರುತ್ತೇವೆ.

ಅವಳು ಲೆಕ್ಕ ಮರೆತಿರಲಿಲ್ಲ, ಹಾಕಿಯೇ ಬಂದಿದ್ದಳು:
ಇದು ಏಳನೆಯ ಸುತ್ತು, ಎಂಟಕ್ಕೆ ಎದ್ದು ಬಂದರಾಯಿತು.
ಏಳಕ್ಕೂ ಒಂಬತ್ತಕ್ಕೂ ಏನು ವ್ಯತ್ಯಾಸ, ಕ್ಯೂನಲ್ಲಿ ನಿಂತವರಿಗೆ?
ಮುಂದಿನವನ ಬೆನ್ನು ಅದೇ ಬೆನ್ನು.
ಅರ್ಧ ಊರು ಇನ್ನೂ ಕತ್ತಲೆಯಲ್ಲಿದೆ,
ಅಂದರೆ ಬೇಕಾದಷ್ಟು ಹೊತ್ತಿದೆ.

ಜನವರಿಯಲ್ಲಿ ಕಿಂಡಿಗೆ ಹಲಗೆ ಬಡಿದರು.
ಯಾರೋ ಕಲ್ಲೆಸೆದರು, ಯಾರೋ ಬೆಂಕಿಯಿಟ್ಟರು.
ಜೆವ್ದೆತ್ ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು
ಬಾಗಿಲಲ್ಲಿ ಬಂದು ನಿಂತನು, ಕತ್ತಿ ಕೈಯಲ್ಲೇ ಇತ್ತು.

ಒಂದು ಸಂಜೆ, ಕರೆಂಟಿಲ್ಲದ ಸೇತುವೆಯ ಮೇಲೆ,
ಇಲೀರ್ ಎದುರಾದ.
ನಾಳೆ ಗ್ರೀಸಿಗೆ ಹೊರಟೆವು, ಮಾವನಲ್ಲಿಗೆ, ಎಂದ.
ಅವಳು ಕೇಳಬಾರದಿತ್ತು. ಕೇಳಿದಳು:
'ನಿನಗೆ ಉತ್ತರ ಗೊತ್ತಿತ್ತಲ್ಲೋ.
ಮನೆಯಲ್ಲಿ ಹೇಳಲಿಲ್ಲವೇ?'

'ಹೇಳಿದೆ, ಟೀಚರ್. ಅವತ್ತು ರಾತ್ರಿಯೇ ಹೇಳಿದೆ.
ಅಪ್ಪ ಒಂದು ದಿನ ತಡೆದ.
ಗುರುವಾರ ಬಂದು ಅಂದ,
ಸುಮ್ಮನಿರು, ನಿಮ್ಮ ಟೀಚರೇ ಕ್ಯೂನಲ್ಲಿದ್ದರಂತೆ.'